ಅಗಲ ಪರದೆಯೂ ಹಳೆಯ ಚೌಕಟ್ಟೂ

ಈಗ ನಮ್ಮ ಮೇಜುಗಳನ್ನು ಅಲಂಕರಿಸಿರುವ ಮಾನಿಟರುಗಳು ಬಹುಮಟ್ಟಿಗೆ ಒಂದೇ ಆಕಾರದವು. ಅಗಲ ಹದಿನಾರು ಪಾಲಾದರೆ ಎತ್ತರ ಒಂಬತ್ತು ಪಾಲು. ಇಂತಹ ಮಾನಿಟರಿನ ಮೇಲೆ ಗುರುದತ್ತರ ‘ಪ್ಯಾಸಾ’ (1957) ಚಿತ್ರವನ್ನು ಹಾಕಿದರೆ ಎಡಬಲಗಳಲ್ಲಿ ಎರಡು ಕಪ್ಪು ಪಟ್ಟಿಗಳು ನಿಲ್ಲುತ್ತವೆ. ಎರಡೇ ವರ್ಷಗಳ ತರುವಾಯ ಅದೇ ನಿರ್ದೇಶಕರು, ಮೈಸೂರಿನಲ್ಲಿ ಹುಟ್ಟಿದ ವಿ. ಕೆ. ಮೂರ್ತಿಯವರನ್ನೇ ಛಾಯಾಗ್ರಾಹಕರನ್ನಾಗಿ ಇಟ್ಟುಕೊಂಡು ತೆಗೆದ ‘ಕಾಗಜ್ ಕೇ ಫೂಲ್’ ಚಿತ್ರವನ್ನು ಹಾಕಿದರೆ, ಆ ಪಟ್ಟಿಗಳು ಪಾರ್ಶ್ವಗಳನ್ನು ತೊರೆದು ಮೇಲಕ್ಕೂ ಕೆಳಕ್ಕೂ ಹೋಗಿ ಕೂರುತ್ತವೆ. ನೋಡುವವನು, ತಾನು ಹಣ ಕೊಟ್ಟು ಕೊಂಡ ಪರದೆಯಲ್ಲಿ ಒಂದು ಭಾಗ ನಿರುಪಯುಕ್ತವಾಗಿ ಬಿದ್ದಿದೆಯಲ್ಲಾ ಎಂದು ಖಿನ್ನನಾಗಿ, ಗುಂಡಿಯೊಂದನ್ನು ಒತ್ತಿ ಪಟ್ಟಿಗಳನ್ನು ಅಟ್ಟಿಬಿಡುತ್ತಾನೆ. ಹಾಗೆ ಅಟ್ಟಿದಾಗ ಆತನು ಚಿತ್ರಕ್ಕೆ ಏನನ್ನು ಮಾಡಿದನೆಂಬುದೇ ಈ ಅಧ್ಯಾಯದ ವಿಚಾರ.

ಅಗಲಕ್ಕೂ ಎತ್ತರಕ್ಕೂ ಇರುವ ಸಂಬಂಧವನ್ನು ಮಾನಿಟರಿನ ಮೆನುವಿನಲ್ಲಿ ‘ಆಸ್ಪೆಕ್ಟ್ ರೇಷಿಯೋ’ ಎಂದು ಬರೆದಿರುತ್ತಾರೆ. ನಾವು ಅದನ್ನು ಆಕಾರಾನುಪಾತವೆಂದು ಕರೆಯೋಣ. 1890ರ ದಶಕದ ಆದಿಯಲ್ಲಿ, ಎಡಿಸನ್ನರ ಪ್ರಯೋಗಶಾಲೆಯಲ್ಲಿದ್ದ ಡಬ್ಲ್ಯು. ಕೆ. ಎಲ್. ಡಿಕ್ಸನ್ ಎಂಬವರು 35 ಮಿಲಿಮೀಟರ್ ಅಗಲದ ಫಿಲ್ಮಿನಲ್ಲಿ, ಅಂಚಿನ ನಾಲ್ಕು ರಂಧ್ರಗಳ ಎತ್ತರವನ್ನು ಒಂದೊಂದು ಚಿತ್ರಕ್ಕೆ ಮೀಸಲಿಟ್ಟರಷ್ಟೆ. ಅದರಿಂದ ಒದಗಿದ ನಾಲ್ಕಕ್ಕೆ ಮೂರರ ಆಯವೇ ಮುಂದಿನ ಅರವತ್ತು ವರ್ಷಗಳ ಚಲನಚಿತ್ರಕ್ಕೆ ಜಾತಕವಾಯಿತು. ಚಿತ್ರಕ್ಕೆ ಮಾತು ಬಂದು, ಧ್ವನಿಪಥಕ್ಕಾಗಿ ಫಿಲ್ಮಿನ ಒಂದು ಅಂಚನ್ನು ಬಿಟ್ಟುಕೊಡಬೇಕಾದ ಮೇಲೆ, 1932ರಲ್ಲಿ ಅಮೆರಿಕದ ಅಕಾಡೆಮಿಯು 1.37ರ ಅನುಪಾತವನ್ನು ಸ್ಥಿರಗೊಳಿಸಿತು. ಹಿಂದೆಯೇ ಬಂದ ಟೆಲಿವಿಷನ್ ಸಿನಿಮಾದ ಆಕಾರವನ್ನು ಎರವಲು ಪಡೆಯಿತು. ಟೆಲಿವಿಷನ್ನಿನ ಗಾಜುಬುರುಡೆಯನ್ನೇ ಬಳಸಿಕೊಂಡು ಹುಟ್ಟಿದ ಗಣಕದ ಮಾನಿಟರಿಗೂ ಅದೇ ಆಕಾರ ವಂಶಪಾರಂಪರ್ಯವಾಗಿ ಇಳಿದು ಬಂತು.

ಆದರೆ ಪ್ರೇಕ್ಷಕರು ಟೆಲಿವಿಷನ್ನಿನ ಮುಂದೆ ಮನೆಯಲ್ಲೇ ಕುಳಿತುಬಿಟ್ಟುದನ್ನು ಕಂಡ ಹಾಲಿವುಡ್ಡು, ಅವರನ್ನು ಮರಳಿ ಸೆಳೆಯುವುದಕ್ಕಾಗಿ ಪರದೆಯನ್ನು ವಿಸ್ತರಿಸಲು ತೊಡಗಿತು. ಫ್ರಾನ್ಸಿನ ಆನ್ರಿ ಕ್ರೆತಿಯೆನ್ ಎಂಬ ವಿಜ್ಞಾನಿಯು ನಿರ್ಮಿಸಿದ್ದ, ಅಗಲವಾದ ದೃಶ್ಯವನ್ನು ಅಡ್ಡಡ್ಡಲಾಗಿ ಸಂಕುಚಿಸಿ ಸಾಮಾನ್ಯ ಫಿಲ್ಮಿನೊಳಗೆ ಸೇರಿಸುವ ಮಸೂರದ ಬಲದಿಂದ, 1953ರಲ್ಲಿ ‘ದಿ ರೋಬ್’ ಎಂಬ ಮೊದಲ ಸಿನಿಮಾಸ್ಕೋಪ್ ಚಿತ್ರ ಪ್ರಕಟವಾಯಿತು. ನಮ್ಮ ದೇಶದಲ್ಲಿ ಆ ಪ್ರಥಮತ್ವ ಮೇಲೆ ಹೇಳಿದ ‘ಕಾಗಜ್ ಕೇ ಫೂಲ್’ ಚಿತ್ರಕ್ಕೆ ಸಲ್ಲುತ್ತದೆ; ಕನ್ನಡದಲ್ಲಿ 1977ರ ‘ಸೊಸೆ ತಂದ ಸೌಭಾಗ್ಯ’ಕ್ಕೆ. ಹೀಗೆ ಒಂದು ಕಡೆ 1.33, ಇನ್ನೊಂದು ಕಡೆ 2.35, ಇವುಗಳ ನಡುವೆ ಹಲವು ಉಪಜಾತಿಗಳು. ಇವೆಲ್ಲಕ್ಕೂ ಒಂದೇ ಪರದೆ ಆಗಬೇಕೆಂದರೆ ಅದರ ಆಕಾರ ಯಾವುದಿರಬೇಕೆಂಬ ಪ್ರಶ್ನೆ 1980ರ ದಶಕದಲ್ಲಿ ಅಮೆರಿಕದ ಇಂಜಿನಿಯರುಗಳ ಮುಂದೆ ಬಂದಾಗ, ಕರ್ನ್ಸ್ ಪವರ್ಸ್ ಎಂಬವರು ಅತ್ಯಂತ ಸರಳವಾದ ಉಪಾಯವನ್ನು ಮಾಡಿದರು. ಬೇರೆಬೇರೆ ಅನುಪಾತದ, ಆದರೆ ಸಮಾನ ಕ್ಷೇತ್ರಫಲದ ಆಯಗಳನ್ನು ಒಂದರ ಮೇಲೊಂದು ಕೇಂದ್ರಕ್ಕೆ ಸರಿಯಾಗಿ ಇರಿಸಿ ನೋಡಿದಾಗ, ಅವೆಲ್ಲವನ್ನೂ ಒಳಗೊಳ್ಳುವ ಹೊರ ಆಯಕ್ಕೂ, ಅವೆಲ್ಲಕ್ಕೂ ಸಾಮಾನ್ಯವಾದ ಒಳ ಆಯಕ್ಕೂ ಅನುಪಾತ ಒಂದೇ ಆಗಿತ್ತು: ಸುಮಾರು 1.77. ಹದಿನಾರನ್ನು ಒಂಬತ್ತರಿಂದ ಭಾಗಿಸಿದರೆ ಬರುವುದೂ ಹೆಚ್ಚುಕಡಮೆ ಅದೇ. ಎಲ್ಲರಿಗೂ ಸ್ವಲ್ಪ ಸ್ವಲ್ಪ ನಷ್ಟವಾಗುವ, ಯಾರಿಗೂ ಪೂರ್ತಿ ನಷ್ಟವಾಗದ ರಾಜಿ ಅದು. ರಾಜಿಯೆಂದ ಮೇಲೆ ಕಪ್ಪು ಪಟ್ಟಿಗಳು ಅದರ ಕರಾರಿನಲ್ಲೇ ಇವೆ.

ಮೊದಲು ಟೆಲಿವಿಷನ್ನಿಗಾಗಿ ಒಪ್ಪಿದ ಈ ಆಕಾರ, ಈ ಶತಮಾನದ ಮೊದಲ ದಶಕದಲ್ಲಿ, ಹದಿನಾರಕ್ಕೆ ಹತ್ತರ ಮಜಲನ್ನು ದಾಟಿಕೊಂಡು ಮಾನಿಟರುಗಳಿಗೂ ಬಂತು. ಇಲ್ಲಿ ಕೊಳ್ಳುವವರು ಗಮನಿಸದ ಸಂಗತಿಯೊಂದಿದೆ. ಪರದೆಯ ಅಳತೆಯನ್ನು ಹೇಳುವುದು ಮೂಲೆಯಿಂದ ಮೂಲೆಗೆ ಹಾಯುವ ಕರ್ಣದಿಂದ. ಕರ್ಣ ಅಷ್ಟೇ ಇದ್ದು ಆಕಾರ ಅಗಲವಾದಂತೆ ಕ್ಷೇತ್ರಫಲ ಕುಗ್ಗುತ್ತದೆ. ಹತ್ತೊಂಬತ್ತು ಅಂಗುಲದ ಹಳೆಯ ಆಕಾರದ ಪರದೆ 173 ಚದರ ಅಂಗುಲವಾದರೆ, ಅಷ್ಟೇ ಅಂಗುಲದ ಅಗಲ ಪರದೆ 154 ಮಾತ್ರ. ದೊಡ್ಡದನ್ನು ತಂದೆನೆಂದು ಹಿಗ್ಗಿದವನು ಚಿಕ್ಕದನ್ನು ತಂದಿದ್ದನು.

ಇನ್ನು ನಾಲ್ಕಕ್ಕೆ ಮೂರರ ಚಿತ್ರವನ್ನು ಹದಿನಾರಕ್ಕೆ ಒಂಬತ್ತರ ಪರದೆಯಲ್ಲಿ ಕೂರಿಸುವ ಬಗೆ. 1920 ಪಿಕ್ಸೆಲ್ ಅಗಲ, 1080 ಪಿಕ್ಸೆಲ್ ಎತ್ತರದ ಸಾಮಾನ್ಯ ಮಾನಿಟರಿನಲ್ಲಿ ಚಿತ್ರವನ್ನು ಎತ್ತರಕ್ಕೆ ಸರಿಯಾಗಿ ಹಿಗ್ಗಿಸಿದರೆ ಅದು 1440 ಪಿಕ್ಸೆಲ್ ಅಗಲವಾಗಿ, ಎರಡು ಪಕ್ಕಗಳಲ್ಲೂ 240ರಂತೆ ಉಳಿಯುತ್ತದೆ. ಎಂದರೆ ಪರದೆಯ ಕಾಲುಭಾಗ ಖಾಲಿ. ಖಾಲಿ ಬೇಡವೆಂದು ಅಡ್ಡಕ್ಕೆ ಎಳೆದರೆ ಚಿತ್ರದಲ್ಲಿರುವ ಪ್ರತಿಯೊಂದು ವಸ್ತುವೂ ಇದ್ದುದಕ್ಕಿಂತ ಮೂರನೆಯ ಒಂದು ಪಾಲಿನಷ್ಟು ಅಗಲವಾಗುತ್ತದೆ. ಎಳೆಯುವುದೂ ಬೇಡ, ಖಾಲಿಯೂ ಬೇಡವೆಂದು ಅನುಪಾತವನ್ನು ಉಳಿಸಿಕೊಂಡು ಝೂಮ್ ಮಾಡಿದರೆ ಮೇಲಣ ಮತ್ತು ಕೆಳಗಣ ಅಂಚುಗಳು ಕತ್ತರಿಸಿ ಹೋಗಿ ಚಿತ್ರದ ಕಾಲುಭಾಗವೇ ಮಾಯವಾಗುತ್ತದೆ. ಋಣ ಮೂರರಲ್ಲಿಯೂ ಒಂದೇ. ಅದನ್ನು ತೆರತಕ್ಕವರು ಬೇರೆ. ಮೊದಲನೆಯದರಲ್ಲಿ ಪರದೆ ತೆರುತ್ತದೆ, ಉಳಿದೆರಡರಲ್ಲಿ ಕೃತಿ ತೆರುತ್ತದೆ. ಪರದೆಯೇ ತೆರಲಿ ಎಂಬುದು ನನ್ನ ನಿಶ್ಚಿತ ಅಭಿಪ್ರಾಯ. ಹಾಸಿಗೆಯಿದ್ದಷ್ಟು ಕಾಲು ಚಾಚೆಂಬುದು ಗಾದೆಯೇ ಹೊರತು, ಹಾಸಿಗೆ ದೊಡ್ಡದೆಂದು ಮಲಗಿದವನ ಕಾಲನ್ನು ಹಿಡಿದೆಳೆಯೆಂದು ಯಾರೂ ಹೇಳಿಲ್ಲ.

ಎಳೆದ ಚಿತ್ರದ ವಿಪರ್ಯಾಸವೆಂದರೆ ಕಣ್ಣು ಅದಕ್ಕೆ ಬಹುಬೇಗ ಒಗ್ಗಿಹೋಗುತ್ತದೆ. ಹಳೆಯ ಕಪ್ಪುಬಿಳುಪು ಚಿತ್ರದ ನಾಯಕಿಯ ಮುಖ ಉರುಟಾಗಿ, ರಥದ ಚಕ್ರ ಅಂಡಾಕಾರವಾಗಿ, ಎತ್ತರವಾದ ಗೋಪುರ ಗಿಡ್ಡಾಗಿ ಕಂಡರೂ, ಐದು ನಿಮಿಷಗಳಲ್ಲಿ ಮನಸ್ಸು ಅದನ್ನು ಸರಿಯೆಂದೇ ಅಂಗೀಕರಿಸುತ್ತದೆ. ಕಪ್ಪು ಪಟ್ಟಿಯನ್ನಾದರೋ ಅದು ಸುಲಭವಾಗಿ ಕ್ಷಮಿಸದು. ಪ್ಲಾಸ್ಮಾ ಟೆಲಿವಿಷನ್ನುಗಳ ಕಾಲದಲ್ಲಿ, ಪಟ್ಟಿಗಳು ಬಹುಕಾಲ ಒಂದೇ ಕಡೆ ನಿಂತರೆ ಪರದೆಯ ಸವೆತ ಅಸಮವಾದೀತೆಂಬ ಭಯಕ್ಕೆ ಆಧಾರವೂ ಇತ್ತು. ಸಾಮಾನ್ಯ ಎಲ್‌ಸಿಡಿ ಮಾನಿಟರಿಗೆ ಆ ಭಯ ಅನಾವಶ್ಯಕ. ಕತ್ತರಿಸುವುದರ ಅಪಾಯ ಇದಕ್ಕಿಂತ ಸೂಕ್ಷ್ಮವಾದುದು, ಏಕೆಂದರೆ ಹೋದುದು ಏನೆಂಬುದು ನೋಡುವವನಿಗೆ ತಿಳಿಯುವುದೇ ಇಲ್ಲ. 2019ರ ನವೆಂಬರಿನಲ್ಲಿ ಡಿಸ್ನಿ ಪ್ಲಸ್ ಆರಂಭವಾದಾಗ ‘ದಿ ಸಿಂಪ್ಸನ್ಸ್’ ಧಾರಾವಾಹಿಯ ಹಳೆಯ ಕಂತುಗಳನ್ನು ಅಗಲ ಪರದೆಗೆ ಹೊಂದಿಸಿ ಕೊಟ್ಟರು. ಒಂದು ಕಂತಿನಲ್ಲಿ ಬಿಯರ್ ಕಾರ್ಖಾನೆಯ ದೃಶ್ಯವಿದೆ. ಮೂರು ಬೇರೆಬೇರೆ ಹೆಸರಿನ ಬಿಯರುಗಳ ಮೂರು ದೊಡ್ಡ ತೊಟ್ಟಿಗಳು, ಮೇಲುಗಡೆ ಆ ಮೂರಕ್ಕೂ ನೀಡುವ ಒಂದೇ ಕೊಳವೆ. ವಿನೋದವೆಲ್ಲ ಆ ಕೊಳವೆಯಲ್ಲಿದೆ. ಮೇಲಂಚನ್ನು ಕತ್ತರಿಸಿದುದರಿಂದ ಕೊಳವೆ ಹೋಗಿ, ತೊಟ್ಟಿಗಳು ಮಾತ್ರ ಉಳಿದುವು. ನಗಬೇಕಾದ ಜಾಗದಲ್ಲಿ ಕಾರ್ಖಾನೆಯೊಂದು ಕಾಣಿಸಿತು, ಅಷ್ಟೆ. ಅಭಿಮಾನಿಗಳು ಆಕ್ಷೇಪಿಸಿದ ಮೇಲೆ, 2020ರ ಮೇ ತಿಂಗಳಲ್ಲಿ ಮೂಲದ ಆಕಾರವನ್ನು ಆರಿಸಿಕೊಳ್ಳುವ ಅವಕಾಶವನ್ನು ಕಲ್ಪಿಸಲಾಯಿತು.

ಝೂಮ್ ಮಾಡುವುದೇ ನ್ಯಾಯವಾದ ಪ್ರಸಂಗವೂ ಒಂದುಂಟು. ಮನೆಯ ಕಪಾಟಿನಲ್ಲಿ ಇನ್ನೂ ಹಳೆಯ ವಿಸಿಡಿಗಳಿದ್ದರೆ ಪರೀಕ್ಷಿಸಿ ನೋಡಬಹುದು. ನಮ್ಮಲ್ಲಿ ಪ್ರಚಾರದಲ್ಲಿದ್ದ ವಿಸಿಡಿಯ ಚಿತ್ರಕ್ಕೆ 288 ಸಾಲುಗಳು, ಆಕಾರ ನಾಲ್ಕಕ್ಕೆ ಮೂರು. ಸಿನಿಮಾಸ್ಕೋಪ್ ಚಿತ್ರವನ್ನು ಅದರೊಳಗೆ ಪೂರ್ತಿಯಾಗಿ ಸೇರಿಸಬೇಕಾದರೆ ಮೇಲೂ ಕೆಳಗೂ ಕಪ್ಪು ಪಟ್ಟಿಗಳನ್ನು ಚಿತ್ರದೊಂದಿಗೇ ಅಚ್ಚುಹಾಕಬೇಕು. ನಿಜವಾದ ದೃಶ್ಯಕ್ಕೆ ಉಳಿಯುವುದು ಸುಮಾರು 163 ಸಾಲು. ಈ ಪ್ರತಿಯನ್ನು ಅಗಲ ಮಾನಿಟರಿಗೆ ಹಾಕಿದಾಗ, ಅಚ್ಚಾದ ಪಟ್ಟಿಗಳ ಜೊತೆಗೆ ಪಕ್ಕದ ಪಟ್ಟಿಗಳೂ ಸೇರಿ, ನಾಲ್ಕು ಕಡೆಯೂ ಕತ್ತಲೆ ಆವರಿಸಿದ ಅಂಚೆಚೀಟಿಯಂತಹ ಚಿತ್ರ ಮಧ್ಯದಲ್ಲಿ ಕಾಣುತ್ತದೆ. ಅಲ್ಲಿ ಝೂಮ್ ಮಾಡಿದರೆ ಕತ್ತರಿಸಿಹೋಗುವುದು ಅಚ್ಚಾದ ಕಪ್ಪು ಮಾತ್ರ. ದೃಶ್ಯದ ಒಂದು ಎಳೆಯೂ ನಷ್ಟವಾಗದು.

ಚಲನಚಿತ್ರವನ್ನು ಬಿಟ್ಟು ಗೇಮುಗಳ ಕಡೆಗೆ ಬಂದರೆ ವಿಷಯ ಇನ್ನಷ್ಟು ರಸವತ್ತಾಗುತ್ತದೆ. ಹಳೆಯ ಗಾಜುಬುರುಡೆಯ ಮಾನಿಟರಿಗೆ ತನ್ನದೇ ಎಂಬ ಪಿಕ್ಸೆಲುಗಳ ಜಾಲವಿರಲಿಲ್ಲ. ಎಲೆಕ್ಟ್ರಾನ್ ಕಿರಣವು 200 ಸಾಲುಗಳ ಚಿತ್ರ ಬಂದರೂ, 480 ಸಾಲುಗಳದು ಬಂದರೂ, ಅದನ್ನು ಇಡೀ ಪರದೆಗೆ ಹರಡಿ ಬರೆಯುತ್ತಿತ್ತು. 1993ರಲ್ಲಿ ಬಂದ ‘ಡೂಮ್’ ಮೊದಲಾದ ಡಾಸ್ ಕಾಲದ ಅನೇಕ ಗೇಮುಗಳ ಚಿತ್ರ 320 ಪಿಕ್ಸೆಲ್ ಅಗಲ, 200 ಪಿಕ್ಸೆಲ್ ಎತ್ತರ. ಇದು ಲೆಕ್ಕಕ್ಕೆ ಹದಿನಾರಕ್ಕೆ ಹತ್ತು. ಇಂದಿನ ಅಗಲ ಪರದೆಗೆ ಹೇಳಿಮಾಡಿಸಿದಂತೆ ತೋರುತ್ತದೆ. ತೋರಿಕೆ ಮಿಥ್ಯೆ. ಅಂದಿನ ಮಾನಿಟರು ನಾಲ್ಕಕ್ಕೆ ಮೂರರದಾದ್ದರಿಂದ ಅಲ್ಲಿ ಒಂದೊಂದು ಪಿಕ್ಸೆಲೂ ಚೌಕವಾಗಿರದೆ, ಅಗಲಕ್ಕಿಂತ ಎತ್ತರ ಐದನೆಯ ಒಂದು ಪಾಲು ಹೆಚ್ಚಾಗಿ ನಿಲ್ಲುತ್ತಿತ್ತು. ಕಲಾವಿದರು ಆ ನೀಳವಾದ ಪಿಕ್ಸೆಲನ್ನೇ ನಂಬಿ ಬರೆದರು. ಚೌಕ ಪಿಕ್ಸೆಲುಗಳ ಇಂದಿನ ಪರದೆಯಲ್ಲಿ ಅದನ್ನು ಇದ್ದಂತೆಯೇ ದೊಡ್ಡದುಮಾಡಿದರೆ ರಾಕ್ಷಸರೆಲ್ಲ ಕುಳ್ಳರಾಗುತ್ತಾರೆ. ಸರಿಯಾದ ಪರಿಹಾರ ಗಣಿತದಲ್ಲಿ ಸುಂದರವಾಗಿ ಅಡಗಿದೆ: ಪ್ರತಿ ಪಿಕ್ಸೆಲನ್ನು ಅಡ್ಡಕ್ಕೆ ಐದರಷ್ಟು, ಎತ್ತರಕ್ಕೆ ಆರರಷ್ಟು ಹೆಚ್ಚಿಸಿದರೆ 1600 ಅಗಲ, 1200 ಎತ್ತರದ, ನಾಲ್ಕಕ್ಕೆ ಮೂರರ ನಿರ್ದುಷ್ಟವಾದ ಚಿತ್ರ ದೊರೆಯುತ್ತದೆ. 1920ಕ್ಕೆ 1200ರ ಮಾನಿಟರಿದ್ದವರಿಗೆ ಅದು ಎತ್ತರದಲ್ಲಿ ಒಂದು ಕೂದಲೆಳೆಯೂ ವ್ಯತ್ಯಾಸವಿಲ್ಲದೆ ಕೂರುತ್ತದೆ.

ಎಲ್‌ಸಿಡಿಯಾದರೋ ಎಣಿಸಿಟ್ಟ ಪಿಕ್ಸೆಲುಗಳ ಜಾಲ. 480 ಸಾಲುಗಳ ಗೇಮನ್ನು 1080 ಸಾಲುಗಳಿಗೆ ಹಿಗ್ಗಿಸಬೇಕಾದರೆ ಒಂದೊಂದು ಸಾಲಿಗೆ ಎರಡೂಕಾಲು ಸಾಲು ಬರಬೇಕು. ಕಾಲು ಪಿಕ್ಸೆಲ್ ಎಂಬುದು ಇಲ್ಲವಾದ್ದರಿಂದ ಮಾನಿಟರು ಅಕ್ಕಪಕ್ಕದ ಬಣ್ಣಗಳನ್ನು ಬೆರೆಸಿ ಮಸುಕುಮಾಡಿ ತೃಪ್ತಿಪಡುತ್ತದೆ. ಸರಿಯಾಗಿ ಎರಡು ಪಟ್ಟು ಮಾತ್ರ ಮಾಡಿ 960 ಸಾಲುಗಳಲ್ಲಿ ನಿಲ್ಲಿಸಿದರೆ ಅಂಚುಗಳೆಲ್ಲ ಹರಿತವಾಗಿರುತ್ತವೆ. ಮೇಲೂ ಕೆಳಗೂ ಅರವತ್ತು ಅರವತ್ತು ಸಾಲುಗಳನ್ನು ಕಪ್ಪಿಗೆ ಬಿಡಬೇಕು, ಅಷ್ಟೆ. ಪೂರ್ಣಾಂಕದಿಂದಲೇ ಗುಣಿಸುವ ಈ ಏರ್ಪಾಟನ್ನು ಗ್ರಾಫಿಕ್ಸ್ ಕಾರ್ಡಿನ ದೊಡ್ಡ ತಯಾರಕರು ತಮ್ಮ ಸಾಫ್ಟ್‌ವೇರಿಗೆ ಸೇರಿಸಿದುದು 2019ರಷ್ಟು ತಡವಾಗಿ.

ಚಲನಚಿತ್ರಕ್ಕಿಲ್ಲದ ಒಂದು ಭಾಗ್ಯ ಮೂರು ಆಯಾಮದ ಗೇಮಿಗಿದೆ. ಕ್ಯಾಮೆರಾದ ಚೌಕಟ್ಟಿನಾಚೆಗೆ ಏನಿತ್ತೆಂಬುದು ಸಿನಿಮಾಕ್ಕೆ ಶಾಶ್ವತವಾಗಿ ನಷ್ಟ, ಗೇಮಿನಲ್ಲಿ ಪಕ್ಕದ ಗೋಡೆ, ಪಕ್ಕದ ಮರ ಲೆಕ್ಕಾಚಾರದ ರೂಪದಲ್ಲಿ ಇದ್ದೇ ಇರುತ್ತವೆ, ಕೇಳಿದರೆ ಚಿತ್ರಿಸಿಕೊಡಬಲ್ಲದು. ನಾಲ್ಕಕ್ಕೆ ಮೂರರ ಪರದೆಯಲ್ಲಿ 90 ಡಿಗ್ರಿಯಷ್ಟು ಅಗಲವಾಗಿ ಕಾಣುತ್ತಿದ್ದ ಲೋಕ, ಎತ್ತರವನ್ನು ಹಾಗೆಯೇ ಉಳಿಸಿಕೊಂಡರೆ, ಹದಿನಾರಕ್ಕೆ ಒಂಬತ್ತರಲ್ಲಿ 106 ಡಿಗ್ರಿಗೆ ತೆರೆದುಕೊಳ್ಳುತ್ತದೆ. ಆದರೆ ಎಲ್ಲ ಗೇಮುಗಳೂ ಈ ನೀತಿಯನ್ನು ಅನುಸರಿಸಲಿಲ್ಲ. 2007ರ ‘ಬಯೋಶಾಕ್’ ಬಂದಾಗ, ಅಗಲ ಪರದೆಯವರಿಗೆ ಪಕ್ಕದಲ್ಲಿ ಹೆಚ್ಚು ಕಾಣುವ ಬದಲು ಮೇಲೆ ಕೆಳಗೆ ಕಡಮೆ ಕಾಣುತ್ತಿದೆಯೆಂದು ದೊಡ್ಡ ಗದ್ದಲವೆದ್ದು, ಕೊನೆಗೆ ತಿದ್ದುಪಡಿಯೊಂದನ್ನು ಹೊರಡಿಸಬೇಕಾಯಿತು. ಹಿನ್ನೆಲೆಯನ್ನು ಮೊದಲೇ ಚಿತ್ರವಾಗಿ ಬರೆದಿಟ್ಟ ಗೇಮುಗಳಿಗೆ ಈ ಭಾಗ್ಯವೂ ಇಲ್ಲ. 2002ರ ‘ರೆಸಿಡೆಂಟ್ ಈವಿಲ್’ ಗೇಮನ್ನು ಕ್ಯಾಪ್‌ಕಾಮ್ ಸಂಸ್ಥೆ 2015ರಲ್ಲಿ ಪರಿಷ್ಕರಿಸಿ ಕೊಟ್ಟಾಗ ಒಂದು ಜಾಣತನ ಮಾಡಿತು: ಹಿನ್ನೆಲೆಯ ಮೇಲುಕೆಳಗನ್ನು ಮರೆಮಾಡಿ, ಪಾತ್ರ ಚಲಿಸಿದಂತೆ ಆ ಕಿಂಡಿಯನ್ನು ಮೆಲ್ಲನೆ ಮೇಲಕ್ಕೂ ಕೆಳಕ್ಕೂ ಸರಿಸತೊಡಗಿತು. ಕತ್ತರಿಸುವುದೇ ಆದರೆ ಹೀಗೆ ವಿವೇಕದಿಂದ ಕತ್ತರಿಸಬೇಕು. ಇನ್ನು ‘ಕೌಂಟರ್-ಸ್ಟ್ರೈಕ್’ ಆಡುವ ಪಳಗಿದ ಸ್ಪರ್ಧಿಗಳಲ್ಲಿ ಹಲವರು ಬೇಕೆಂದೇ ನಾಲ್ಕಕ್ಕೆ ಮೂರರ ಚಿತ್ರವನ್ನು ಅಗಲ ಪರದೆಗೆ ಎಳೆದುಕೊಳ್ಳುತ್ತಾರೆ. ಪಕ್ಕದ ಲೋಕ ಅಷ್ಟು ಕಡಮೆಯಾದರೂ, ಎದುರಾಳಿಯ ದೇಹ ಅಗಲವಾಗಿ ಕಂಡು ಗುರಿಗೆ ಅನುಕೂಲವೆಂಬ ನಂಬಿಕೆ ಅವರದು. ಅವರನ್ನು ನಾನು ಆಕ್ಷೇಪಿಸಲಾರೆ; ಅವರು ಕುಳಿತಿರುವುದು ಗೆಲ್ಲುವುದಕ್ಕೆ, ಚಿತ್ರವನ್ನು ಸವಿಯುವುದಕ್ಕಲ್ಲ.

ಓದುಗರು ತಮ್ಮ ಮಾನಿಟರಿನ ಮೆನುವನ್ನು ತೆರೆದು ನೋಡಿದರೆ ‘ಫುಲ್’ ಅಥವಾ ‘ವೈಡ್’ ಎಂಬುದರ ಪಕ್ಕದಲ್ಲಿ ‘ಆಸ್ಪೆಕ್ಟ್’ ಎಂದೋ ‘4:3’ ಎಂದೋ ಒಂದು ಆಯ್ಕೆ ಸಾಮಾನ್ಯವಾಗಿ ದೊರೆಯುತ್ತದೆ. ಅಲ್ಲಿ ಇಲ್ಲದಿದ್ದರೆ ಗ್ರಾಫಿಕ್ಸ್ ಕಾರ್ಡಿನ ಕಂಟ್ರೋಲ್ ಪ್ಯಾನೆಲಿನಲ್ಲಿ ‘ಸ್ಕೇಲಿಂಗ್’ ಎಂಬ ಶೀರ್ಷಿಕೆಯ ಕೆಳಗೆ ಹುಡುಕಬೇಕು. ಬದಲಾಯಿಸಿದ ಮೇಲೆ, ಚಿತ್ರದಲ್ಲಿ ನೇರವಾಗಿ ಎದುರಿಗಿರುವ ಗಡಿಯಾರವನ್ನೋ ಹುಣ್ಣಿಮೆಯ ಚಂದ್ರನನ್ನೋ ನಿಲ್ಲಿಸಿಕೊಂಡು, ಅಳತೆಕಡ್ಡಿಯಿಂದ ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ಅಳೆದುನೋಡಿ. ಎರಡು ಅಳತೆಗಳೂ ಒಂದೇ ಬಂದರೆ ನಿಮ್ಮ ಮಾನಿಟರು ಸರಿಯಾಗಿದೆ. ಪಕ್ಕದ ಕಪ್ಪು ಪಟ್ಟಿಗಳನ್ನು ಹಾಗೆಯೇ ಇರಗೊಡಿ.