ಎಡಗೈಯಲ್ಲಿ ತಾಳ, ಬಲಗೈಯಲ್ಲಿ ಹಾಡು

ಸಿಂಗಪುರದ ನೈರುತ್ಯ ಅಂಚಿನಲ್ಲಿರುವ ಜುರಾಂಗ್ ಐಲ್ಯಾಂಡಿನಲ್ಲಿ ಯಾರೂ ವಾಸವಿಲ್ಲ. ಏಳು ಪುಟ್ಟ ದ್ವೀಪಗಳ ನಡುವಣ ಕಡಲನ್ನು ತುಂಬಿಸಿ ಮಾಡಿದ ಆ ನೆಲದ ತುಂಬ ಇರುವುದು ತೈಲ ಶುದ್ಧೀಕರಣ ಘಟಕಗಳು, ರಾಸಾಯನಿಕ ಕಾರ್ಖಾನೆಗಳು, ದೊಡ್ಡ ದೊಡ್ಡ ಟ್ಯಾಂಕುಗಳು. 2000ದ ಅಕ್ಟೋಬರಿನಲ್ಲಿ ಅಧಿಕೃತವಾಗಿ ಉದ್ಘಾಟನೆಯಾದ ಈ ದ್ವೀಪಕ್ಕೆ ಪಾಸ್ ಇಲ್ಲದೆ ಯಾರನ್ನೂ ಬಿಡುವುದಿಲ್ಲ. ಅಲ್ಲಿ ದುಡಿಯುವ ಭಾರತೀಯ ಎಂಜಿನಿಯರುಗಳು, ಅವರಲ್ಲಿ ಕನ್ನಡಿಗರೂ ಸೇರಿ, ಪಾಳಿ ಮುಗಿದ ಮೇಲೆ ಕಡಲ ಮೇಲಿನ ರಸ್ತೆ ದಾಟಿ ಮುಖ್ಯ ದ್ವೀಪದ ಮನೆಗಳಿಗೆ ಮರಳುತ್ತಾರೆ. ಆ ಮನೆಗಳಲ್ಲಿ ಮಕ್ಕಳ ಪಿಯಾನೊ ಅಭ್ಯಾಸ ಅಪರೂಪದ ಸಂಗತಿಯಲ್ಲ. ಸಿಂಗಪುರದಲ್ಲಿ ಪಿಯಾನೊ ಎಂದರೆ ಬಹುಮಟ್ಟಿಗೆ ಲಂಡನ್ನಿನ ಅಸೋಸಿಯೇಟೆಡ್ ಬೋರ್ಡ್ ನಡೆಸುವ ಎಂಟು ಗ್ರೇಡುಗಳ ಪರೀಕ್ಷೆ.

ಆ ಪರೀಕ್ಷೆಯಲ್ಲಿ ಒಂದೊಂದು ಕೃತಿಗೆ 30 ಅಂಕ, 20 ಬಂದರೆ ಪಾಸು. ಪರೀಕ್ಷಕರು ಸ್ವರ, ಕಾಲ, ನಾದ, ವಾಕ್ಯಗಳ ಆಕಾರ, ಒಟ್ಟು ಪ್ರಸ್ತುತಿ ಎಂಬ ಐದನ್ನು ನೋಡುತ್ತಾರೆ. ಪಾಸಾಗಲು ಲೆಕ್ಕ ತಪ್ಪದೆ ನುಡಿಸಿದರೆ ಹೆಚ್ಚುಕಡಿಮೆ ಸಾಕು. ಮೇಲಿನ ಶ್ರೇಣಿಯ ಅಂಕ ಬೇಕಾದರೆ ಮಾತ್ರ, ತಕ್ಕ ಕಡೆಯಲ್ಲಿ ಕಾಲ ಬಾಗಬೇಕು, ಅದೂ ಹರಿವು ಕೆಡದ ಹಾಗೆ. ವರ್ಷಗಟ್ಟಲೆ ಮೆಟ್ರೊನೋಮಿನ ಟಿಕ್ ಟಿಕ್ಕಿಗೆ ಬೆರಳು ಹೊಂದಿಸುತ್ತ ಬಂದ ಮಗುವಿಗೆ ಒಂದು ದಿನ ರಚನಕಾರ ಶೊಪಾನ್‌ನ ನಾಕ್ಟರ್ನ್ ಕೃತಿಯೊಂದನ್ನು ಕೈಗೆ ಕೊಟ್ಟು 'ಇಲ್ಲಿ ಸ್ವಲ್ಪ ಸ್ವತಂತ್ರವಾಗಿ ನುಡಿಸು' ಎಂದರೆ ಅದು ಗಾಬರಿಯಾಗುವುದು ಸಹಜ. ಎಷ್ಟು ಸ್ವತಂತ್ರ, ಎಲ್ಲಿ, ಏಕೆ?

ಹೀಗೆ ಕಾಲವನ್ನು ಬಾಗಿಸುವುದಕ್ಕೆ ಸಂಗೀತಗಾರರು ಇಟ್ಟಿರುವ ಹೆಸರು ರುಬಾಟೊ. ಒಂದು ಸ್ವರದಿಂದ ತುಸು ಕಾಲ ತೆಗೆದು ಇನ್ನೊಂದಕ್ಕೆ ಕೊಡುವುದು, ಒಂದು ಕಡೆ ತಡೆದು ನಿಂತು ಮತ್ತೊಂದು ಕಡೆ ಮುಂದೆ ಸರಿಯುವುದು. ಪಿಯಾನೊ ನುಡಿಸುವವರಿಗೆ ಇದರ ಅಗತ್ಯ ಉಳಿದವರಿಗಿಂತ ಹೆಚ್ಚು. ಗಾಯಕರು ಹಿಡಿದ ಸ್ವರವನ್ನು ಉಸಿರಿನಿಂದ ಹಿಗ್ಗಿಸಬಲ್ಲರು, ಪಿಟೀಲು ವಾದಕರು ಕಮಾನಿನ ಒತ್ತಡ ಏರಿಸಿ ಅದನ್ನು ಬೆಳೆಸಬಲ್ಲರು. ಪಿಯಾನೊದಲ್ಲಿ ಸುತ್ತಿಗೆ ತಂತಿಗೆ ಬಡಿದ ಕ್ಷಣದಿಂದಲೇ ನಾದ ಇಳಿಯತೊಡಗುತ್ತದೆ. ಬಡಿದ ಸ್ವರವನ್ನು ಏರಿಸಲೂ ಆಗದು, ಜಾರಿಸಲೂ ಆಗದು. ವಾದಕರ ಕೈಯಲ್ಲಿ ಉಳಿಯುವುದು ಎಷ್ಟು ಜೋರಾಗಿ ಬಡಿಯಬೇಕು, ಯಾವ ಕ್ಷಣದಲ್ಲಿ ಬಡಿಯಬೇಕು ಎಂಬ ಎರಡೇ ನಿರ್ಧಾರ. ಪೆಡಲು ಅದಕ್ಕೆ ಒಂದಿಷ್ಟು ನೆರವು ಕೊಡುತ್ತದೆ, ಅಷ್ಟೆ. ಭಾವದ ಬಹುಪಾಲು ಭಾರವನ್ನು ಆ ಕ್ಷಣವೇ ಹೊರಬೇಕು.

ಈ ಕಲೆ ಹುಟ್ಟಿದ್ದು ಪಿಯಾನೊದಲ್ಲಲ್ಲ, ಕಂಠದಲ್ಲಿ. ಇಟಲಿಯ ಗಾಯನ ಗುರು ಪಿಯೆರ್ ಫ್ರಾಂಚೆಸ್ಕೊ ತೊಸಿ 1723ರ ತನ್ನ ಪುಸ್ತಕದಲ್ಲಿ, ಪಕ್ಕವಾದ್ಯ ಒಂದೇ ನಡೆಯಲ್ಲಿ ಸಾಗುತ್ತಿರುವಾಗ ಗಾಯಕ ಕಾಲವನ್ನು ಕದ್ದು ಹಿಂದಿರುಗಿಸುವ ಸೊಗಸನ್ನು ಮೆಚ್ಚಿ ಬರೆದ. ಮೊಜಾರ್ಟ್ 1777ರ ಅಕ್ಟೋಬರಿನಲ್ಲಿ ಔಗ್ಸ್‌ಬರ್ಗ್‌ನಿಂದ ತಂದೆಗೆ ಬರೆದ ಕಾಗದದಲ್ಲಿ ಇದೇ ವಿಷಯವಿದೆ. ವಿಳಂಬದ ಭಾಗಗಳಲ್ಲಿ ತನ್ನ ಬಲಗೈ ಸ್ವತಂತ್ರವಾಗಿ ಓಡಾಡುತ್ತಿದ್ದರೂ ಎಡಗೈ ಲೆಕ್ಕ ಬಿಡದೆ ನಡೆಯುವುದು ಅಲ್ಲಿನ ಜನಕ್ಕೆ ಅರ್ಥವೇ ಆಗುವುದಿಲ್ಲ ಎಂದು ಆತ ಹೇಳಿಕೊಂಡಿದ್ದಾನೆ.

ಶೊಪಾನ್ ಇದನ್ನೇ ಶಿಷ್ಯರಿಗೆ ಪಾಠವಾಗಿ ಕೊಟ್ಟ. ಎಡಗೈ ವಾದ್ಯವೃಂದದ ನಿರ್ದೇಶಕನಿದ್ದಂತೆ, ಅದು ಅಲುಗಬಾರದು ಎಂಬುದು ಅವನ ಮಾತೆಂದು ಶಿಷ್ಯರು ದಾಖಲಿಸಿದ್ದಾರೆ. ಅವನ ಪಿಯಾನೊದ ಮೇಲೆ ಮೆಟ್ರೊನೋಮು ಸದಾ ಇರುತ್ತಿತ್ತೆಂದು ಶಿಷ್ಯ ಕಾರೊಲ್ ಮಿಕುಲಿ ಬರೆದಿದ್ದಾನೆ. ಶೊಪಾನ್ ಎಂದರೆ ಅಂದಾಜಿನ ಓಲಾಟ ಎಂದುಕೊಂಡವರು ಈ ಮಾತನ್ನು ಎರಡು ಸಲ ಓದಬೇಕು. ತನ್ನ ಮೊದಲ ದಿನಗಳ ಕೆಲವು ಕೃತಿಗಳಲ್ಲಿ ಅವನು ರುಬಾಟೊ ಎಂದು ಬರೆದಿದ್ದುಂಟು. ಓಪಸ್ 15ರ ಮೂರನೇ ನಾಕ್ಟರ್ನ್ ಅದಕ್ಕೆ ಉದಾಹರಣೆ. ಮುಂದೆ ಆ ಸೂಚನೆಯನ್ನೇ ಕೈಬಿಟ್ಟ. ತಿಳಿದವರಿಗೆ ಅದು ಬೇಕಿಲ್ಲ, ತಿಳಿಯದವರಿಗೆ ಅದರಿಂದ ಏನೂ ತಿಳಿಯುವುದಿಲ್ಲ ಎಂಬುದು ಪಿಯಾನೊ ವಾದಕ, ರಚನಕಾರ ಲಿಸ್ಟ್ ಕೊಟ್ಟ ವಿವರಣೆ.

ಆದರೂ ಶೊಪಾನ್‌ನ ಕೈಯಲ್ಲಿ ಎಲ್ಲವೂ ಅಷ್ಟು ಸರಳವಾಗಿರಲಿಲ್ಲ. 1840ರ ದಶಕದಲ್ಲಿ ವಿಲ್ಹೆಲ್ಮ್ ಫೋನ್ ಲೆನ್ಸ್ ಎಂಬ ಶಿಷ್ಯ ಅವನೆದುರು ಒಂದು ಮಜುರ್ಕಾ, ಅಂದರೆ ಪೋಲೆಂಡಿನ ಕುಣಿತದ ರಚನೆ, ನುಡಿಸುತ್ತಿದ್ದಾಗ ಆಪೆರಾ ರಚನಕಾರ ಮೇಯರ್‌ಬೇರ್ ಒಳಗೆ ಬಂದ. ಕೇಳಿ, ಇದು ಎರಡು ಎಣಿಕೆಯ ಸಂಗೀತ ಎಂದ. ಶೊಪಾನ್ ಕೆರಳಿ, ಮೂರು ಎಣಿಕೆ ಎಂದು ಗಟ್ಟಿಯಾಗಿ ಲೆಕ್ಕ ಹಾಕುತ್ತ ತಾನೇ ನುಡಿಸಿ ತೋರಿಸಿದ. ಮೇಯರ್‌ಬೇರ್ ಒಪ್ಪಲಿಲ್ಲ. ಪಿಯಾನೊ ವಾದಕ ಚಾರ್ಲ್ಸ್ ಹ್ಯಾಲೆಗೂ ಒಮ್ಮೆ ಹೀಗೇ ಆಯಿತು: ಶೊಪಾನ್ ಮಜುರ್ಕಾ ನುಡಿಸುವಾಗ ಮೂರರ ಬದಲು ನಾಲ್ಕು ಎಣಿಕೆ ಕೇಳಿಸುತ್ತದೆ ಎಂದು ಅವನು ಎಣಿಸಿಯೇ ತೋರಿಸಿದಾಗ ಶೊಪಾನ್ ನಕ್ಕು, ಅದು ಆ ನೃತ್ಯದ ದೇಶೀ ಗುಣ ಎಂದನಂತೆ. ಪೋಲೆಂಡಿನ ಹಳ್ಳಿಯ ಕುಣಿತದಲ್ಲಿ ಹೆಜ್ಜೆ ಒತ್ತಿ ನಿಲ್ಲುವ ಕಡೆ ಕಾಲ ತಾನಾಗಿ ಹಿಗ್ಗುತ್ತದೆ. ಕಾಗದದ ಮೇಲೆ ಮೂರೇ ಸಮಭಾಗ. ಬರೆಹಕ್ಕೂ ನುಡಿಸುವಿಕೆಗೂ ನಡುವಿನ ಈ ಅಂತರದಲ್ಲೇ ರೊಮ್ಯಾಂಟಿಕ್ ಪಿಯಾನೊ ಸಂಗೀತದ ಜೀವ ಇದೆ.

ಲಿಸ್ಟ್ ಮತ್ತು ಅವನ ನಂತರದವರ ಕಾಲದಲ್ಲಿ ಇನ್ನೊಂದು ಬಗೆ ಬೆಳೆಯಿತು. ಇದರಲ್ಲಿ ಎಡಗೈ, ಬಲಗೈ ಎರಡೂ ಕೂಡಿಯೇ ನಿಧಾನವಾಗುತ್ತವೆ, ಕೂಡಿಯೇ ವೇಗ ಹಿಡಿಯುತ್ತವೆ. ತೆಗೆದುಕೊಂಡ ಕಾಲವನ್ನು ಹಿಂದಿರುಗಿಸಲೇಬೇಕು ಎಂಬ ಹಳೆಯ ನಿಯಮವನ್ನು ಪಿಯಾನೊ ವಾದಕ ಪಾದೆರೆವ್ಸ್ಕಿ 1909ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ನೇರವಾಗಿ ತಳ್ಳಿಹಾಕಿದ. ಕಳೆದುಹೋದದ್ದು ಕಳೆದುಹೋಯಿತು ಎಂಬುದು ಅವನ ನಿಲುವು. ಪಾದೆರೆವ್ಸ್ಕಿಯ ಗುರು ಥಿಯೋಡೋರ್ ಲೆಶೆಟಿಟ್ಸ್ಕಿ ಹುಟ್ಟಿದ್ದು 1830ರಲ್ಲಿ. 1906ರಲ್ಲಿ ಅವನು ಪಿಯಾನೊ ರೋಲಿನ ಮೇಲೆ ಅಚ್ಚೊತ್ತಿಸಿದ ಶೊಪಾನ್ ನಾಕ್ಟರ್ನ್ ಇಂದಿಗೂ ಕೇಳಸಿಗುತ್ತದೆ. ಅದರಲ್ಲಿ ಎರಡು ಕೈಗಳೂ ಒಟ್ಟಿಗೆ ಬೀಳುವುದೇ ಕಡಿಮೆ. ಎಡಗೈ ಮೊದಲು, ಒಂದು ಎಳೆ ತಡವಾಗಿ ಬಲಗೈ. ಇಂದಿನ ಪರೀಕ್ಷೆಯ ಕೋಣೆಯಲ್ಲಿ ಯಾವ ಮಗುವೂ ಹೀಗೆ ನುಡಿಸುವ ಧೈರ್ಯ ಮಾಡದು.

ಕನ್ನಡದ ಓದುಗರು ಈ ಕಥೆಯಲ್ಲಿ ದೂರದಿಂದ ನೋಡುವವರಷ್ಟೇ ಆಗಬೇಕಿಲ್ಲ. ಆ ಪರಂಪರೆಯ ಒಂದು ಅಮೂಲ್ಯ ಭಾಗ ಇಂದು ಕೇಳಲು ಸಿಗುತ್ತಿರುವುದೇ ಮೈಸೂರಿನಿಂದಾಗಿ.

ಮೈಸೂರಿನ ಮಹಾರಾಜ ಜಯಚಾಮರಾಜೇಂದ್ರ ಒಡೆಯರ್ ಅವರು ಎಳವೆಯಿಂದ ಪಿಯಾನೊ ಕಲಿತವರು, ವಾದಕರಾಗಿ ವೇದಿಕೆ ಏರುವ ಆಸೆ ಇಟ್ಟುಕೊಂಡಿದ್ದವರು. 1940ರಲ್ಲಿ ತಂದೆ ಕಂಠೀರವ ನರಸಿಂಹರಾಜ ಒಡೆಯರ್, ಅದೇ ಆಗಸ್ಟಿನಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ತೀರಿಕೊಂಡರು. 21ರ ಹರೆಯದಲ್ಲಿ ಸಿಂಹಾಸನ ಬಂತು, ವೇದಿಕೆಯ ಕನಸು ಹಿಂದುಳಿಯಿತು. ಲಂಡನ್ನಿನ ಟ್ರಿನಿಟಿ ಕಾಲೇಜ್ ಆಫ್ ಮ್ಯೂಸಿಕ್ 1945ರಲ್ಲಿ ಅವರಿಗೆ ಗೌರವ ಫೆಲೊ ಸ್ಥಾನ ಕೊಟ್ಟಿತು. 1948ರಲ್ಲಿ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ ಆದರು. ಅರಮನೆಯ ಧ್ವನಿಮುದ್ರಿಕೆಗಳ ಸಂಗ್ರಹ 20,000ದಷ್ಟಿತ್ತೆಂದು ಅಂದಾಜಿಸಲಾಗಿತ್ತು. ಅವರ ಸೋದರಿ ವಿಜಯಾದೇವಿಯವರೂ ಪಿಯಾನೊ ವಾದಕಿ. ನ್ಯೂಯಾರ್ಕಿನ ಜೂಲಿಯಾರ್ಡ್ ಶಾಲೆಯಲ್ಲಿ ಎಡ್ವರ್ಡ್ ಸ್ಟಾಯರ್‌ಮನ್ ಅವರಲ್ಲಿ ಕಲಿತ ಅವರು ಮುಂದೆ ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿ ಕಟ್ಟಿದರು.

ಮಹಾರಾಜರ ಮನಸ್ಸು ಹಿಡಿದವನು ರಚನಕಾರ ನಿಕೊಲಾಯ್ ಮೆಟ್ನರ್. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿ, ರಾಖ್ಮನಿನೊಫ್‌ನ ಆಪ್ತ ಗೆಳೆಯನಾಗಿ, ರಷ್ಯಾದ ಕ್ರಾಂತಿಯ ನಂತರ ದೇಶ ಬಿಟ್ಟು, 1930ರ ದಶಕದಲ್ಲಿ ಲಂಡನ್ನಿನಲ್ಲಿ ನೆಲೆಸಿದವನು. ಜಗತ್ತಿನ ಸಂಗೀತವೆಲ್ಲ ಹೊಸ ದಾರಿ ಹಿಡಿದಾಗಲೂ ರೊಮ್ಯಾಂಟಿಕ್ ಮಾರ್ಗವನ್ನು ಬಿಡದ ಅವನನ್ನು ಕೇಳುವವರು ಕಡಿಮೆಯಾಗಿದ್ದರು. ಯುದ್ಧದ ವರ್ಷಗಳಲ್ಲಿ ಬಡತನ, ಹೃದ್ರೋಗ ಎರಡೂ ಕಾಡಿದವು. ಆ ಹೊತ್ತಿಗೆ ಸಾವಿರಾರು ಮೈಲಿ ದೂರದ ಮೈಸೂರಿನಿಂದ ನೆರವು ಬಂತು. ಮಹಾರಾಜರ ಹಣದಿಂದ ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿ ಹುಟ್ಟಿತು. ರಚನಕಾರನೇ ಪಿಯಾನೊದ ಮುಂದೆ ಕೂತು ತನ್ನ ಮೂರೂ ಕನ್ಸರ್ಟೊಗಳನ್ನು, ಸೊನಾಟಾಗಳನ್ನು, ಹಾಡುಗಳನ್ನು, 'ಕಥೆಗಳು' ಎಂದು ತಾನು ಕರೆಯುತ್ತಿದ್ದ ಕಿರು ರಚನೆಗಳನ್ನು ಎಚ್‌ಎಂವಿ ತಟ್ಟೆಗಳಿಗೆ ನುಡಿಸಿದ. ಕನ್ಸರ್ಟೊಗಳ ಮುದ್ರಣ ನಡೆದ 1947ರಲ್ಲಿ ಅವನಿಗೆ 67 ವರ್ಷ. ಮೂರನೇ ಕನ್ಸರ್ಟೊವನ್ನು ಅವನು ಮೈಸೂರಿನ ಮಹಾರಾಜರಿಗೇ ಅರ್ಪಿಸಿದ. 1951ರ ನವೆಂಬರಿನಲ್ಲಿ ತೀರಿಕೊಂಡ.

ಆ ಕಾಲದ ತಟ್ಟೆಯ ಒಂದು ಮುಖದಲ್ಲಿ ನಾಲ್ಕು, ನಾಲ್ಕೂವರೆ ನಿಮಿಷಕ್ಕಿಂತ ಹೆಚ್ಚು ಸಂಗೀತ ಹಿಡಿಯುತ್ತಿರಲಿಲ್ಲ. ಅರ್ಧ ಗಂಟೆಯ ಕನ್ಸರ್ಟೊವನ್ನು ತುಂಡು ಮಾಡಿ, ಪ್ರತಿ ತುಂಡಿನ ಕೊನೆಗೆ ನಿಂತು, ಮತ್ತೆ ಅದೇ ನಡೆಯನ್ನು ಹಿಡಿಯಬೇಕು. ಇಂಥ ಕಟ್ಟುಪಾಡಿನಲ್ಲೂ ಮೆಟ್ನರ್‌ನ ಕಾಲ ಉಸಿರಾಡುತ್ತದೆ. ಅವನ ರಚನೆಗಳಲ್ಲಿ ಒಂದು ಕೈ ಮೂರರಲ್ಲಿ ಎಣಿಸುವಾಗ ಇನ್ನೊಂದು ಕೈ ಎರಡರಲ್ಲೋ ನಾಲ್ಕರಲ್ಲೋ ಎಣಿಸುವ ಹೆಣಿಗೆ ಸಾಮಾನ್ಯ. ಅಲ್ಲಿ ಮನಬಂದಂತೆ ಕಾಲ ಎಳೆದರೆ ಹೆಣಿಗೆಯೇ ಬಿಚ್ಚಿಹೋಗುತ್ತದೆ. ಅದಕ್ಕೇ ಅವನ ನುಡಿಸುವಿಕೆಯಲ್ಲಿ ಲಯ ಗಟ್ಟಿ, ಬಾಗು ಸೂಕ್ಷ್ಮ. ಭಾವುಕತೆ ಚೆಲ್ಲುವ ರುಬಾಟೊಕ್ಕೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ಇದೇ ಮಹಾರಾಜರು ವೀಣೆ ವೆಂಕಟಗಿರಿಯಪ್ಪನವರಲ್ಲಿ ವೀಣೆ ಕಲಿತು, ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದವರು. ವೀಣೆಯ ತಂತಿಯೂ ಮೀಟಿದ ಮೇಲೆ ಇಳಿಯುವ ನಾದದ್ದೇ. ವೈಣಿಕರು ತಂತಿಯನ್ನು ಎಳೆದು ಗಮಕದಿಂದ ಅದನ್ನು ಬದುಕಿಸಿಕೊಳ್ಳುತ್ತಾರೆ, ಪಿಯಾನೊ ವಾದಕರಿಗೆ ಆ ದಾರಿ ಇಲ್ಲ.

ಕರ್ನಾಟಕ ಸಂಗೀತ ಕೇಳಿ ಬೆಳೆದ ಮನೆಯ ಮಗುವಿಗೆ ರುಬಾಟೊದ ಅರ್ಧ ಪಾಠ ಆಗಲೇ ಆಗಿರುತ್ತದೆ. ಗಾಯಕಿಯ ತೊಡೆಯ ಮೇಲೆ ತಾಳ ಬೀಳುತ್ತಲೇ ಇರುತ್ತದೆ, ಸಾಹಿತ್ಯ ಆ ಪೆಟ್ಟಿಗೆ ಮುಂಚೆಯೋ ಆಮೇಲೋ ಎತ್ತಿಕೊಳ್ಳುತ್ತದೆ. ಕೈ ಕದಲುವುದಿಲ್ಲ, ಹಾಡು ಅದರ ಸುತ್ತ ಆಡುತ್ತದೆ. ಇದು ಶೊಪಾನ್ ಹೇಳಿದ ಎಡಗೈ, ಬಲಗೈಗಳಿಗೆ ತೀರ ಹತ್ತಿರ. ಒಂದು ವ್ಯತ್ಯಾಸ ಮರೆಯಬಾರದು: ನಮ್ಮ ಎಡುಪು, ಅಂದರೆ ತಾಳದಲ್ಲಿ ಹಾಡು ಎತ್ತಿಕೊಳ್ಳುವ ಜಾಗ, ಲೆಕ್ಕಕ್ಕೆ ಸಿಗುತ್ತದೆ, ಅಕ್ಷರ ಅಕ್ಷರವಾಗಿ ಎಣಿಸಬಹುದು; ಶೊಪಾನ್‌ನ ತಡ ಎಣಿಕೆಗೆ ಸಿಗುವುದಿಲ್ಲ. ಲಿಸ್ಟ್ ಕಾಲದ ಆ ಎರಡನೆಯ ಬಗೆಗೆ, ಅಂದರೆ ಇಡೀ ಸಂಗೀತವೇ ಹಿಗ್ಗಿ ಕುಗ್ಗುವ ಬಗೆಗೆ, ಹತ್ತಿರದ ದಾರಿ ಗಮಕ ವಾಚನ. ಕುಮಾರವ್ಯಾಸನ ಷಟ್ಪದಿಯನ್ನು ಗಮಕಿ ತಾಳವಿಲ್ಲದೆ ವಾಚಿಸುವಾಗ ಎಲ್ಲಿ ನಿಲ್ಲಬೇಕು, ಎಲ್ಲಿ ಧಾವಿಸಬೇಕು ಎಂಬುದನ್ನು ಪದ್ಯದ ಅರ್ಥವೇ ಹೇಳುತ್ತದೆ. ಆದರೂ ಛಂದಸ್ಸು ಕೇಳುಗರ ಕಿವಿಯಿಂದ ತಪ್ಪುವುದಿಲ್ಲ.

ವಾದಕರು ನಿಲ್ಲುವ ಜಾಗಗಳಿಗೂ ಅರ್ಥವಿದೆಯೇ? 1992ರಲ್ಲಿ ಅಮೆರಿಕದ ಹ್ಯಾಸ್ಕಿನ್ಸ್ ಪ್ರಯೋಗಾಲಯದ ಬ್ರೂನೊ ರೆಪ್ ಇದನ್ನು ಅಳೆದು ನೋಡಿದ. ಶೂಮನ್ 1838ರಲ್ಲಿ ಬರೆದ 'ಟ್ರಾಯ್‌ಮೆರೈ' ಎಂಬ ಪುಟ್ಟ ರಚನೆಯ 28 ಧ್ವನಿಮುದ್ರಣಗಳನ್ನು, 24 ವಾದಕರದ್ದು, ತೆಗೆದುಕೊಂಡು ಸ್ವರದಿಂದ ಸ್ವರಕ್ಕೆ ಎಷ್ಟು ಅಂತರವಿದೆ ಎಂದು ಲೆಕ್ಕ ಹಾಕಿದ. ಬಹುತೇಕ ಎಲ್ಲರೂ ಸಂಗೀತ ವಾಕ್ಯದ ಕೊನೆಯಲ್ಲಿ ನಿಧಾನವಾಗಿದ್ದರು. ವಾಕ್ಯ ದೊಡ್ಡದಾದಷ್ಟೂ ಆ ನಿಧಾನವೂ ದೊಡ್ಡದು. ಏರುವ ಸ್ವರಗುಚ್ಛವನ್ನು ನುಡಿಸುವಾಗ ಕಾಲ ಒಂದು ನಯವಾದ ಬಾಗುಗೆರೆಯಂತೆ ಹಿಗ್ಗುತ್ತಿತ್ತು. ಒಳಗಿನ ರಚನೆ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ದಾರಿ ತೋರಿಸಿತ್ತು ಎಂದಾಯಿತು. ಉಳಿದವರಿಂದ ಎದ್ದು ಬೇರೆಯಾಗಿ ನಿಂತವರು ಇಬ್ಬರು, ಕೊರ್ಟೊ ಮತ್ತು ಹೊರೊವಿಟ್ಸ್. ಇಬ್ಬರದೂ ಮೂರು ಮೂರು ಮುದ್ರಣಗಳಿದ್ದವು, ಮೂರರಲ್ಲೂ ಅವರವರ ಗುರುತು ಉಳಿದಿತ್ತು.

ಹಾಗಾಗಿ ಮಕ್ಕಳಿಗೆ ರುಬಾಟೊವನ್ನು ಕೊನೆಗೆ ಹಚ್ಚುವ ಬಣ್ಣದಂತೆ ಕಲಿಸುವುದು ಸರಿಯಲ್ಲ. ಪರೀಕ್ಷೆಗೆ ಎರಡು ವಾರ ಇರುವಾಗ ಪೆನ್ಸಿಲಿನಲ್ಲಿ 'ಇಲ್ಲಿ ನಿಧಾನ' ಎಂದು ಗೀಚಿಕೊಟ್ಟರೆ ಮಗು ಆ ಜಾಗದಲ್ಲಿ ಎಡವುತ್ತದೆ. ಶೊಪಾನ್ ತನ್ನ ಶಿಷ್ಯರನ್ನು ಆಪೆರಾ ಗಾಯಕರನ್ನು ಕೇಳಲು ಕಳಿಸುತ್ತಿದ್ದ. ನುಡಿಸಬೇಕಾದರೆ ಮೊದಲು ಹಾಡಬೇಕು ಎನ್ನುತ್ತಿದ್ದ. ಮೊದಲು ಎಡಗೈಯನ್ನು ಮೆಟ್ರೊನೋಮಿನೊಂದಿಗೆ, ಅದು ಮೈಗೆ ಹತ್ತುವವರೆಗೆ. ಅದೇ ಎಡಗೈ ನಡೆಯುತ್ತಿರುವಾಗ ಬಲಗೈಯ ರಾಗವನ್ನು ಬಾಯಲ್ಲಿ ಹಾಡಬೇಕು. ಎತ್ತರದ ಸ್ವರಕ್ಕೆ ಹಾರುವಾಗ ಕಂಠ ತಾನಾಗಿ ತುಸು ಕಾಲ ಕೇಳುತ್ತದೆ, ಅಪಸ್ವರದಂಥ ಸ್ವರ ಬಿಡುಗಡೆಯಾಗುವಾಗ ಅಲ್ಲೇ ತಂಗುತ್ತದೆ, ವಾಕ್ಯ ಮುಗಿದಲ್ಲಿ ಉಸಿರು ಎಳೆಯುತ್ತದೆ. ಹಾಡಿನಲ್ಲಿ ಬಂದ ಆ ತಡಗಳನ್ನೇ ಬೆರಳಿಗೆ ಇಳಿಸಬೇಕು. ದೇವರನಾಮ ಹಾಡಿ ಗೊತ್ತಿರುವ ಅಮ್ಮನೋ ಅಜ್ಜಿಯೋ ಮನೆಯಲ್ಲಿದ್ದರೆ ಈ ಪಾಠದಲ್ಲಿ ಅವರೂ ಗುರುಗಳೇ, ಪಿಯಾನೊ ಮುಟ್ಟಿರದಿದ್ದರೂ.

ಕೇಳುವುದಕ್ಕೆ ಸಾಮಗ್ರಿಯ ಕೊರತೆ ಇಲ್ಲ. ಮಹಾರಾಜರು ಮಾಡಿಸಿದ ಮೆಟ್ನರ್ ಮುದ್ರಣಗಳು ಸಿ.ಡಿ.ಗಳಾಗಿ ಮರುಪ್ರಕಟವಾಗಿವೆ. ಲೆಶೆಟಿಟ್ಸ್ಕಿಯ ಇನ್ನೊಬ್ಬ ಶಿಷ್ಯ ಇಗ್ನಾಟ್ಸ್ ಫ್ರೀಡ್‌ಮನ್ ನುಡಿಸಿದ ಶೊಪಾನ್ ಮಜುರ್ಕಾಗಳೂ ಸುಲಭವಾಗಿ ಸಿಗುತ್ತವೆ. ಅವನ್ನು ಕೇಳುತ್ತ ತೊಡೆಯ ಮೇಲೆ ಒಂದು, ಎರಡು, ಮೂರು ಎಂದು ಹಾಕಿ ನೋಡಬೇಕು. ಕೈ ಒಂದೆರಡು ಆವರ್ತ ತಪ್ಪುತ್ತದೆ, ಎರಡನೆಯ ಪೆಟ್ಟು ಎಲ್ಲಿ ಬೀಳುತ್ತದೆಂದು ಹುಡುಕುತ್ತದೆ, ಆಮೇಲೆ ಆ ಕುಣಿತದ ನಡೆಯನ್ನು ಹಿಡಿಯುತ್ತದೆ.