ಅಗ್ಗದ ಡೈವಿಂಗ್ ಟಾರ್ಚು: ಬೆಲೆ ಕಡಿಮೆ, ಲೆಕ್ಕ ಬೇರೆ

ಕರಾವಳಿಯ ವರ್ತಕರಿಗೆ ಟಾರ್ಚು ಹೊಸ ಸರಕೇನಲ್ಲ. ಮಳೆಗಾಲದಲ್ಲಿ ವಿದ್ಯುತ್ತನ್ನು ನಂಬಿ ಕೂರಲಾಗದ ಈ ಸೀಮೆಯಲ್ಲಿ ಬ್ಯಾಟರಿ, ಟಾರ್ಚುಗಳ ವ್ಯಾಪಾರ ಹಿಂದಿನಿಂದಲೂ ನಡೆದುಬಂದಿದೆ. ಆದರೆ ನೀರಿನಡಿಯಲ್ಲಿ ಉರಿಯುವ ಡೈವಿಂಗ್ ಟಾರ್ಚು ಬೇರೆಯೇ ಜಾತಿಯ ವಸ್ತು. ಚೀನಾದಿಂದ ಆಮದಾಗಿ ಮುಂಬಯಿಯ ಲೋಹಾರ್ ಚಾಳ್, ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಪೇಟೆಗಳ ಮೂಲಕ ಅಥವಾ ಅಂತರಜಾಲದ ಮಾರಾಟದ ಮೂಲಕ ಇದು ಕೆಲವೇ ನೂರು ರೂಪಾಯಿಗಳಿಗೆ ದೊರೆಯುತ್ತದೆ. ಹೆಸರಾಂತ ಕಂಪನಿಗಳ ದೀಪಕ್ಕೆ ಇದರ ಹಲವು ಪಟ್ಟು ಬೆಲೆ. ಇಷ್ಟು ಅಂತರವಿರುವಾಗ ಅಗ್ಗದ್ದನ್ನು ತರಿಸಿ ಮಾರುವುದು ಲಾಭವೇ ಎಂಬ ಪ್ರಶ್ನೆ ಏಳುವುದು ಸಹಜ.

ಉಡುಪಿ ಜಿಲ್ಲೆಯಲ್ಲಿ ಇದಕ್ಕೆ ಗಿರಾಕಿಗಳು ಇಲ್ಲದಿಲ್ಲ. ಮಲ್ಪೆಯ ಬೋಟುಗಳ ಪ್ರೊಪೆಲ್ಲರಿಗೆ ಬಲೆ, ಹಗ್ಗ ಸುತ್ತಿಕೊಂಡಾಗ ಒಬ್ಬಾತ ಚೂರಿ ಹಿಡಿದು ನೀರಿಗೆ ಇಳಿಯಲೇಬೇಕು. ಕಾಪುವಿನ ದೀಪಸ್ತಂಭದ ಸುತ್ತಲಿನ ಬಂಡೆಗಳಂತಹ ಕಡೆ ಪಚ್ಚಿಲೆ ಕೀಳಲು ಮುಳುಗುವವರಿರುತ್ತಾರೆ. ಕಾರ್ಕಳ ಭಾಗದ ನೀರು ತುಂಬಿದ ಕಲ್ಲುಕೋರೆಗಳಲ್ಲಿ, ಬಾವಿಗಳಲ್ಲಿ ಅವಘಡವಾದಾಗ ಅಗ್ನಿಶಾಮಕ ದಳದವರೊಂದಿಗೆ ಊರಿನ ಈಜುಗಾರರೂ ಕೈಜೋಡಿಸುತ್ತಾರೆ. ಇನ್ನು ಮಣಿಪಾಲದ ವಿದ್ಯಾರ್ಥಿಗಳಿಗೆ ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸ್ಕೂಬಾ ಡೈವಿಂಗ್ ರಜಾದಿನದ ಆಕರ್ಷಣೆ. ಹವ್ಯಾಸಕ್ಕಾಗಿ ಕೊಳ್ಳುವವನು ಒಬ್ಬ, ಜೀವವನ್ನು ಒತ್ತೆಯಿಟ್ಟು ಕೊಳ್ಳುವವನು ಇನ್ನೊಬ್ಬ. ಅಂಗಡಿಯ ಕಪಾಟಿನಲ್ಲಿ ಇಬ್ಬರಿಗೂ ಒಂದೇ ಟಾರ್ಚು ತೋರಿಸಲ್ಪಡುವುದೇ ತೊಡಕಿನ ಮೂಲ.

ಪೆಟ್ಟಿಗೆಯ ಮೇಲಿನ ಮಾತು

ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಸುಮಾರು ಒಂದು ವಾಯುಭಾರದಷ್ಟು ಒತ್ತಡ ಹೆಚ್ಚುತ್ತದೆ. 30 ಮೀಟರಿನಲ್ಲಿ ಟಾರ್ಚಿನ ಮೇಲೆ ಬೀಳುವುದು ದಡದಲ್ಲಿರುವುದರ ನಾಲ್ಕು ಪಟ್ಟು ಒತ್ತಡ. ಇದನ್ನು ತಡೆದು ನಿಲ್ಲುವುದು ಮುಚ್ಚಳದ ಬಳಿಯಿರುವ ತೆಳ್ಳನೆಯ ರಬ್ಬರ್ ಉಂಗುರ, ಅಂದರೆ ಓ-ರಿಂಗ್. ಒಂದು ಮರಳ ಕಣ ಅಥವಾ ಒಂದು ಕೂದಲೆಳೆ ಅದರ ಮೇಲೆ ಕುಳಿತರೂ ನೀರು ಒಳನುಗ್ಗುತ್ತದೆ. ಉತ್ತಮ ದೀಪಗಳಲ್ಲಿ ಎರಡು ಉಂಗುರಗಳಿರುತ್ತವೆ. ಅಗ್ಗದವುಗಳಲ್ಲಿ ಅನೇಕ ವೇಳೆ ಒಂದೇ.

ಪೆಟ್ಟಿಗೆಯ ಮೇಲೆ ಐಪಿ-67 ಎಂದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಎಂದಷ್ಟೇ ಅರ್ಥ. ಅದು ಮಳೆಗೆ ಸಾಕು, ಡೈವಿಂಗಿಗೆ ಸಾಲದು. ಐಪಿಎಕ್ಸ್-8 ಎಂದಿದ್ದರೆ ಆಳವೆಷ್ಟೆಂದು ತಯಾರಕನೇ ನಮೂದಿಸಬೇಕು. ನಮೂದಿಸದಿದ್ದರೆ ಆ ಗುರುತಿಗೆ ಬೆಲೆಯಿಲ್ಲ. ಬೆಳಕಿನ ಪ್ರಮಾಣವಾದ ಲ್ಯೂಮೆನ್ನಿನದೂ ಇದೇ ಕಥೆ. ಅಮೆರಿಕದ ಎಫ್‌ಎಲ್-1 ಮಾನದಂಡದ ಪ್ರಕಾರ ದೀಪ ಹಚ್ಚಿದ 30 ಸೆಕೆಂಡಿನಿಂದ ಎರಡು ನಿಮಿಷದೊಳಗೆ ಬೆಳಕನ್ನು ಅಳೆಯತಕ್ಕದ್ದು. ಮಾನದಂಡದ ಹೆಸರೇ ಇಲ್ಲದೆ ‘ಹತ್ತು ಸಾವಿರ ಲ್ಯೂಮೆನ್’ ಎಂದು ಬರೆದದ್ದನ್ನು ಜಾಹೀರಾತೆಂದೇ ತಿಳಿಯಬೇಕು.

ಅತಿ ದೊಡ್ಡ ಸುಳ್ಳು ಮಾತ್ರ ಬ್ಯಾಟರಿಯಲ್ಲಿದೆ. ಇವುಗಳಲ್ಲಿ ಸಾಮಾನ್ಯವಾಗಿ ಬಳಕೆಯಾಗುವ 18650 ಲಿಥಿಯಂ ಸೆಲ್ಲಿನ ವ್ಯಾಸ 18 ಮಿ.ಮೀ., ಉದ್ದ 65 ಮಿ.ಮೀ. ಆ ಗಾತ್ರದಲ್ಲಿ ಪ್ರತಿಷ್ಠಿತ ಕಂಪನಿಗಳೂ ತುಂಬಿಸಿರುವುದು ಸುಮಾರು 3,500 ಮಿಲಿಆಂಪ್-ಗಂಟೆಯಷ್ಟು ಶಕ್ತಿ. ಆದರೂ 9,900 ಎಂದು ಮುದ್ರಿಸಿದ ಸೆಲ್ಲುಗಳು ಧಾರಾಳವಾಗಿ ಮಾರಾಟವಾಗುತ್ತಿವೆ. ಇದಕ್ಕೆ ಪ್ರಯೋಗಾಲಯ ಬೇಡ, ಅಂಗಡಿಯ ತಕ್ಕಡಿಯೇ ಸಾಕು: ಒಳ್ಳೆಯ ಸೆಲ್ 45 ಗ್ರಾಂ ಆಸುಪಾಸಿನಲ್ಲಿ ತೂಗುತ್ತದೆ, ಬಹಳ ಹಗುರವಿದ್ದರೆ ಒಳಗೆ ಸರಕಿಲ್ಲ. ಟಾರ್ಚಿನೊಳಗೆ ಉಪ್ಪುನೀರು ಸೇರಿ ಸೆಲ್ ಕೆಟ್ಟು ಅನಿಲ ಉತ್ಪತ್ತಿಯಾದರೆ, ಬಿಗಿಯಾಗಿ ಮುಚ್ಚಿದ ಲೋಹದ ಕೊಳವೆ ಸಣ್ಣ ಸಿಡಿಮದ್ದಿನಂತಾಗುತ್ತದೆ. ನೀರು ಹೊಕ್ಕ ಟಾರ್ಚನ್ನು ಮುಖಕ್ಕೆದುರಾಗಿ ಹಿಡಿದು ತಿರುಚಿ ತೆರೆಯಬಾರದೆಂಬ ಎಚ್ಚರಿಕೆ ಮಾರುವವನ ಬಾಯಿಂದಲೇ ಬರಬೇಕು.

ಲೆಕ್ಕಪುಸ್ತಕ ಏನೆನ್ನುತ್ತದೆ

ತೆರಿಗೆ ಬಿಟ್ಟು 600 ರೂ.ಗೆ ಕೊಂಡು 900 ರೂ.ಗೆ ಮಾರುವ ಅಗ್ಗದ ಟಾರ್ಚು ನೂರು ಎಂದಿಟ್ಟುಕೊಂಡರೆ, ಬಂಡವಾಳ 60,000 ರೂ., ಒಟ್ಟು ಲಾಭ 30,000 ರೂ. 3,800ಕ್ಕೆ ಕೊಂಡು 4,500ಕ್ಕೆ ಮಾರುವ ಹೆಸರುವಾಸಿ ಟಾರ್ಚು ಹತ್ತು ಎಂದರೆ ಬಂಡವಾಳ 38,000, ಲಾಭ 7,000, ಅಂದರೆ ಶೇ. 18ಕ್ಕಿಂತ ಸ್ವಲ್ಪ ಹೆಚ್ಚು. ಅಗ್ಗದ ಸರಕಿನಲ್ಲಿ ನೂರಕ್ಕೆ 20 ಹಿಂದಿರುಗಿ, ಬದಲಿ ಕೊಟ್ಟು 12,000 ರೂ. ಕಳೆದುಕೊಂಡರೂ ಲಾಭ ಶೇ. 30 ಉಳಿಯುತ್ತದೆ. ಹಿಂದಿರುಗುವುದು 32ರ ಹತ್ತಿರ ಬಂದಾಗಲಷ್ಟೇ ಎರಡೂ ಸಮವಾಗುತ್ತವೆ. ಬರಿಯ ಅಂಕಿಗಳನ್ನು ನೋಡಿದರೆ ಅಗ್ಗದ್ದೇ ಮೇಲು; ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಆದರೆ ಲೆಕ್ಕ ಅಲ್ಲಿಗೆ ಮುಗಿಯದು. ಕಪಾಟಿನಲ್ಲೇ ಕೆಟ್ಟ ಸರಕನ್ನು ಪುಸ್ತಕದಿಂದ ತೆಗೆದುಹಾಕಿದರೆ, ಜಿ.ಎಸ್.ಟಿ. ಕಾಯಿದೆಯ 17(5)(ಎಚ್) ವಿಧಿಯಂತೆ ಅದರ ಮೇಲೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕಾಗುತ್ತದೆ. ದರ ಶೇ. 18 ಎಂದಾದರೆ ಒಂದೊಂದಕ್ಕೆ 108 ರೂ. ಇನ್ನೂ ಗಂಭೀರವಾದದ್ದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ. ಅದರ 86ನೆಯ ವಿಧಿಯ ಪ್ರಕಾರ ತಯಾರಕ ಯಾರೆಂದು ತಿಳಿಯದಿದ್ದರೆ, ಆತನಿಗೆ ನೋಟಿಸು ಜಾರಿಯಾಗದಿದ್ದರೆ ಅಥವಾ ಆತ ಭಾರತದ ಕಾನೂನಿಗೆ ಒಳಪಡದವನಾಗಿದ್ದರೆ, ವಸ್ತುವಿನಿಂದಾದ ಹಾನಿಗೆ ಮಾರಿದವನೇ ಹೊಣೆಯಾಗಬಹುದು. ಹೆಸರಿಲ್ಲದ ಪೆಟ್ಟಿಗೆಯಲ್ಲಿ, ಬಿಲ್ಲಿಲ್ಲದೆ ಬಂದ ಟಾರ್ಚಿಗೆ ಈ ಮೂರೂ ಮಾತುಗಳು ಅನ್ವಯಿಸುತ್ತವೆ. ಪ್ರೊಪೆಲ್ಲರಿನಡಿಯಲ್ಲಿ ಬೆಳಕು ಕಳೆದುಕೊಂಡವನ ಮನೆಯವರು ದೂರು ಕೊಟ್ಟರೆ 300 ರೂ. ಲಾಭ ಯಾವ ಮೂಲೆಗೆ?

ಆದುದರಿಂದ ಖರೀದಿಯ ಹೊತ್ತಿಗೇ ಕಾಗದಪತ್ರ ನೋಡಬೇಕು. ಪ್ಯಾಕೆಟ್ಟಿನ ಮೇಲೆ ಆಮದುದಾರನ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆ ಇರಬೇಕೆಂಬುದು 2011ರ ಪೊಟ್ಟಣ ಸರಕುಗಳ ನಿಯಮ. ಲಿಥಿಯಂ ಸೆಲ್ಲುಗಳಿಗೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಕಡ್ಡಾಯ. ಐಎಸ್ 16046 ಸಂಖ್ಯೆಯನ್ನೂ ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯನ್ನೂ ಸೆಲ್ಲಿನ ಮೇಲೆ ಹುಡುಕಬೇಕು. ತಾವೇ ಆಮದು ಮಾಡಿಕೊಳ್ಳುವವರಿಗೆ ಆಮದು-ರಫ್ತು ಸಂಕೇತ ಸಂಖ್ಯೆ ಬೇಕೇ ಬೇಕು. ಮೂಲ ಸುಂಕ, ಅದರ ಶೇ. 10ರಷ್ಟು ಸಮಾಜ ಕಲ್ಯಾಣ ಮೇಲ್ತೆರಿಗೆ, ಇವೆರಡನ್ನೂ ಕೂಡಿಸಿದ ಮೊತ್ತದ ಮೇಲೆ ಐ.ಜಿ.ಎಸ್.ಟಿ. ಸೇರಿದ ನಂತರವೇ ನಿಜವಾದ ಬೆಲೆ ತಿಳಿಯುವುದು.

ಮೀನುಗಳನ್ನು ಸೆಳೆಯಲು ನೀರಿಗಿಳಿಸುವ ಪ್ರಖರ ಎಲ್‌ಇಡಿ ದೀಪಗಳನ್ನೂ ಕೆಲವರು ಇದೇ ಹೆಸರಿನಲ್ಲಿ ಕೇಳುವುದುಂಟು. ಅಂತಹ ಬೆಳಕು ಮೀನುಗಾರಿಕೆಯನ್ನು ಕೇಂದ್ರ ಸರಕಾರ 2017ರ ನವೆಂಬರಿನಲ್ಲಿ ನಿಷೇಧಿಸಿದೆ. ಆ ವ್ಯಾಪಾರದಿಂದ ದೂರವಿರುವುದು ಲೇಸು.

ಹಾಗಾದರೆ ಕೊಳ್ಳಬೇಕೇ? ಬೋಟಿನ ಅಟ್ಟದ ಮೇಲೆ, ಬಾವಿಕಟ್ಟೆಯಲ್ಲಿ, ಹಗಲಿನಲ್ಲಿ ಮೂರು-ನಾಲ್ಕು ಮೀಟರ್ ನೀರಿನಲ್ಲಿ, ಅಥವಾ ಒಳ್ಳೆಯ ದೀಪವೊಂದು ಕೈಯಲ್ಲಿದ್ದಾಗ ಎರಡನೆಯದಾಗಿ, ಅಗ್ಗದ ಟಾರ್ಚು ಧಾರಾಳವಾಗಿ ನಡೆದೀತು. ರಾತ್ರಿಯ ಡೈವಿಂಗಿಗೆ, ಕಲ್ಲುಕೋರೆಯ ಕೆಸರುನೀರಿಗೆ, ಪ್ರೊಪೆಲ್ಲರಿನ ಅಡಿಗೆ ಅದೊಂದನ್ನೇ ನೆಚ್ಚಿ ಇಳಿಯುವವರಿಗೆ ಮಾರದಿರುವುದೇ ಸರಿ. ಸೆಲ್ ಇಲ್ಲದ ಟಾರ್ಚನ್ನು ತರಿಸಿ, ನೋಂದಾಯಿತ ಸೆಲ್ ಬೇರೆಯಾಗಿ ಕೊಡುವುದು ಸ್ವಲ್ಪ ದುಬಾರಿಯಾದರೂ ದೂರುಗಳನ್ನು ಕಡಿಮೆ ಮಾಡುವ ದಾರಿ.

ಪರೀಕ್ಷೆಗೆ ಒಂದು ಸುಲಭ ಉಪಾಯವಿದೆ. ಸೆಲ್ ತೆಗೆದು ಒಳಗೆ ಒಣಗಿದ ಕಾಗದದ ಸುರುಳಿಯಿಟ್ಟು, ಟಾರ್ಚನ್ನು ಬೋಟಿನ ಲಂಗರಿನ ಹಗ್ಗಕ್ಕೆ ಕಟ್ಟಿ 15 ಮೀಟರ್ ಆಳಕ್ಕೆ ಒಂದು ಗಂಟೆ ಇಳಿಸಬೇಕು. ಹೊರಗೆ ಚೆನ್ನಾಗಿ ಒರೆಸಿ ತೆರೆದಾಗ ಕಾಗದ ಒದ್ದೆಯಾಗಿದ್ದರೆ ಸರಕನ್ನು ಹಿಂದಕ್ಕೆ ಕಳುಹಿಸಬೇಕು. ಬಕೆಟ್ಟಿನ ನೀರು ಇದಕ್ಕೆ ಸಮವಲ್ಲ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಮಾರಾಟವಾಗದೆ ಉಳಿದ ಸರಕಿನಿಂದ ಸೆಲ್ಲುಗಳನ್ನು ಹೊರತೆಗೆದು, ಅರ್ಧ ಚಾರ್ಜಿನಲ್ಲಿ ತಂಪಾದ ಒಣ ಜಾಗದಲ್ಲಿ ಇಟ್ಟರೆ ಆಗಸ್ಟಿನಲ್ಲಿ ಬೋಟುಗಳು ಕಡಲಿಗಿಳಿಯುವ ಹೊತ್ತಿಗೆ ಅವು ಕೆಲಸಕ್ಕೆ ಬರುತ್ತವೆ.