ನಾಯಿಗೆ ಬರುವ ಅಪಸ್ಮಾರ

ಅಂಗಳದಲ್ಲಿ ಮಲಗಿದ್ದ ನಾಯಿಯೊಂದು ಒಮ್ಮೆಲೆ ಮಗ್ಗುಲಿಗೆ ಉರುಳಿ, ಕಾಲುಗಳನ್ನು ಸೆಟೆದು, ಈಜುವಂತೆ ಬಡಿಯತೊಡಗುತ್ತದೆ. ಬಾಯಲ್ಲಿ ನೊರೆ ಬರುತ್ತದೆ. ಮೂತ್ರವೂ ತಾನಾಗಿ ಹೋಗಿಬಿಡುತ್ತದೆ. ಕಂಡವರು ‘ಹುಚ್ಚು ಹಿಡಿಯಿತು’ ಎಂದು ದೊಣ್ಣೆ ಹುಡುಕುವುದುಂಟು. ಆದರೆ ಇದು ಮನುಷ್ಯರಿಗೂ ಬರುವ ಅಪಸ್ಮಾರವೇ ಆಗಿರಬಹುದು.

ಮೆದುಳಿನ ಜೀವಕೋಶಗಳು ಸೂಕ್ಷ್ಮ ವಿದ್ಯುತ್ ಸಂಕೇತಗಳಿಂದ ಕೆಲಸ ನಡೆಸುತ್ತವೆಯಷ್ಟೆ. ಅವು ಹದಮೀರಿ ಏಕಕಾಲದಲ್ಲಿ ಉದ್ರೇಕಗೊಂಡಾಗ ಈ ಸೆಳವು ಉಂಟಾಗುತ್ತದೆ. ಮೈಯೆಲ್ಲ ನಡುಗುವ ಇಂಥ ಸೆಳವಿನಲ್ಲಿ ನಾಯಿಗೆ ಪ್ರಜ್ಞೆಯಿರುವುದಿಲ್ಲ. 6 ತಿಂಗಳಿಂದ 6 ವರ್ಷದೊಳಗೆ ಮೊದಲ ಸೆಳವು ಕಂಡರೆ ಅದು ಹೆಚ್ಚಾಗಿ ಹುಟ್ಟಿನಿಂದಲೇ ಬಂದ ದೋಷ. ಡಿಸ್ಟೆಂಪರ್ ರೋಗ, ತೋಟದ ಕೀಟನಾಶಕ, ಇಲಿಪಾಷಾಣ, ರಕ್ತದಲ್ಲಿ ಸಕ್ಕರೆಯ ಕೊರತೆ ಇವೂ ಕಾರಣವಾಗಬಲ್ಲವು.

ಆಗ ಮಾಡತಕ್ಕದ್ದು ಅಲ್ಪವೇ. ಹತ್ತಿರದ ಕಲ್ಲು, ಮರದ ಸಾಮಾನುಗಳನ್ನು ಸರಿಸಬೇಕು. ಮೆಟ್ಟಿಲ ಬಳಿಯಾಗಲಿ ಬಾವಿಕಟ್ಟೆಯ ಬಳಿಯಾಗಲಿ ಇದ್ದರೆ ಬೀಳದಂತೆ ನೋಡಬೇಕು. ಬಾಯಿಗೆ ಕೈ ಹಾಕಲೇಬಾರದು. ನಾಲಗೆಯನ್ನು ನುಂಗಿಬಿಡುತ್ತದೆಂಬುದು ಸುಳ್ಳು; ಅರಿವಿಲ್ಲದೆ ಕಚ್ಚುತ್ತದೆಂಬುದು ಮಾತ್ರ ನಿಜ. ನೀರು ಕುಡಿಸಿದರೆ ಶ್ವಾಸನಾಳಕ್ಕೆ ಹೋದೀತು. ಕೈಗೆ ಕಬ್ಬಿಣ ಹಿಡಿಸುವ ನಮ್ಮ ಹಿರಿಯರ ವಾಡಿಕೆ ನಾಯಿಯಲ್ಲಂತೂ ನಡೆಯದು. ಮನುಷ್ಯರಲ್ಲಿಯೂ ಅದರಿಂದ ಫಲವಿಲ್ಲ. ಗಡಿಯಾರ ನೋಡುವುದೇ ಮುಖ್ಯ. ಸೆಳವು ಸಾಮಾನ್ಯವಾಗಿ ಒಂದೆರಡು ನಿಮಿಷಗಳಲ್ಲಿ ನಿಲ್ಲುತ್ತದೆ. 5 ನಿಮಿಷ ಮೀರಿದರೆ, ಅಥವಾ 24 ಗಂಟೆಯೊಳಗೆ ಮರುಕಳಿಸಿದರೆ, ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ವಿಷದ ಶಂಕೆಯಿದ್ದರೆ ನಿಮಿಷಗಳನ್ನು ಎಣಿಸುತ್ತ ಕೂರುವಂತಿಲ್ಲ.

ಹುಚ್ಚುನಾಯಿ ರೋಗದಲ್ಲಿಯೂ ಸೆಳವು ಬರುವುದುಂಟು. ಆದುದರಿಂದ ಹಿರಿಯರ ಭಯ ನಿರಾಧಾರವಲ್ಲ. ಅಪಸ್ಮಾರದ ನಾಯಿ ಎದ್ದ ಮೇಲೆ ಕೆಲಹೊತ್ತು ತತ್ತರಿಸಿ, ದಾರಿಗಾಣದೆ ಅಲೆದು, ಬಳಿಕ ಮೊದಲಿನಂತಾಗುತ್ತದೆ. ಹುಚ್ಚು ತಗಲಿದ ನಾಯಿಯಾದರೋ ದಿನದಿನಕ್ಕೆ ಕೆಡುತ್ತದೆ: ಸ್ವಭಾವ ಬದಲಾಗುತ್ತದೆ, ದವಡೆ ಜೋಲುತ್ತದೆ, ಕೆಲವೇ ದಿನಗಳಲ್ಲಿ ಸಾಯುತ್ತದೆ. ಬೀದಿನಾಯಿಯನ್ನಾಗಲಿ ಲಸಿಕೆಯಿಲ್ಲದ ನಾಯಿಯನ್ನಾಗಲಿ ಮಕ್ಕಳು ಮುಟ್ಟದೆ ದೊಡ್ಡವರನ್ನು ಕೂಗಬೇಕು. ಕಚ್ಚಿದರೆ, ಪರಚಿದರೆ, ಗಾಯಕ್ಕೆ ಜೊಲ್ಲು ತಾಗಿದರೆ, ಸಾಬೂನು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು.

ಅಪಸ್ಮಾರಕ್ಕೆ ಔಷಧವಿದೆ. 1912ರಲ್ಲಿ ಜರ್ಮನಿಯ ಹಾಪ್ಟ್‌ಮನ್ ಎಂಬ ವೈದ್ಯರು ಮನುಷ್ಯರ ಅಪಸ್ಮಾರಕ್ಕೆ ಉಪಯುಕ್ತವೆಂದು ತೋರಿಸಿದ ಫಿನೋಬಾರ್ಬಿಟಾಲ್ ಇಂದು ನಾಯಿಗಳಿಗೂ ಸಲ್ಲುತ್ತಿದೆ. ಪ್ರಮಾಣವನ್ನು ಪಶುವೈದ್ಯರೇ ನಿರ್ಣಯಿಸಬೇಕು. ಗುಣವಾಯಿತೆಂದು ಥಟ್ಟನೆ ನಿಲ್ಲಿಸಿದರೆ ಸೆಳವು ಇನ್ನೂ ಉಗ್ರವಾಗಿ ಬರಬಹುದು. ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ನಿಮಿಷ ಬಂತೆಂಬುದನ್ನು ಮನೆಯ ಮಕ್ಕಳು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟರೆ, ವೈದ್ಯರು ಮೊದಲು ಕೇಳುವುದು ಅದನ್ನೇ.